ಇಲ್ಲಿ ಉಪ್ಪು ಕೇಳಬಾರದು

“ವೈನಿ, ಹಿಂಡಿ ಮುಗೀತ್ ನೋಡ್ರಿ.”

ಲಗಮಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ತಾಟನ್ನು ಹಿಂದಕ್ಕೆ ಚಾಚಿದ. ಗೋದುಬಾಯಿ ಶೇಂಗಾ ಹಿಂಡಿಯ ಡಬ್ಬಿ ತಂದು ಆ ಚಟ್ನಿಪುಡಿಯನ್ನು ಮೂರನೆಯ ಸಲ ಬಡಿಸಿದಳು. ಈಚೆಗೆ ಹಿಂಡಿ ನೀರಿನಂತೆ ಖರ್ಚಾಗುತ್ತಿತ್ತು. ಉಪ್ಪಿನಕಾಯಿಯದೂ ಅದೇ ಕಥೆ; ಎರಡೂ ಅಂಗಡಿಯಿಂದ ಬರುತ್ತಿದ್ದವು. ಮೊದಲೆಲ್ಲ ಒಂದೇ ಹೋಳಿನಲ್ಲಿ ಊಟ ಮುಗಿಸಿ ಏಳುತ್ತಿದ್ದ ಗಂಡಸರು ಈಗ ಬಸುರಿಯರ ಹಾಗೆ ಮತ್ತೆ ಮತ್ತೆ ಕೇಳುತ್ತಿದ್ದರು. ಗೋಡೆಗೆ ಮುಖ ಮಾಡಿ ಉಣ್ಣುವುದೂ ಹೊಸ ಚಾಳಿಯೇ. ಇದೆಲ್ಲ ಅವಳ ಕಣ್ಣಿಗೆ ಬಿದ್ದಿತ್ತು, ಆದರೆ ಯಾಕೆ ಎಂದು ಕೇಳಬೇಕೆನ್ನಿಸಿರಲಿಲ್ಲ. ಯಾವುದನ್ನೂ ಯಾಕೆ ಎಂದು ಕೇಳುವ ಗೋಜಿಗೆ ಅವಳು ಹೋಗದೆ ಒಂದು ಚಳಿಗಾಲವೇ ಕಳೆದಿತ್ತು.

ದಾಂಡೇಲಿಯ ಕಾಗದದ ಮಿಲ್ಲಿನ ಭೋಂಗಾ ಕಿವಿಗೆ ಬಡಿಯುವಷ್ಟು ಹತ್ತಿರ, ಪ್ರವಾಸಿಗರ ಕಾರು ತಿರುಗಲಾರದಷ್ಟು ಇಕ್ಕಟ್ಟಿನ ಓಣಿಯಲ್ಲಿ ಈ ಖಾನಾವಳಿ. ನಾಲ್ಕು ಮೇಜು, ಬೆಂಚುಗಳು, ಹಂಚಿನ ಮಾಡು. ಬೋರ್ಡಿಲ್ಲ. ಇದ್ದದ್ದು ಒಂದು ಮಳೆಗಾಲದ ಗಾಳಿಗೆ ಹಾರಿಹೋದ ಮೇಲೆ ಗೋದುಬಾಯಿಯ ಗಂಡ ಜ್ಯೋತಿಬಾ ಇನ್ನೊಂದನ್ನು ಬರೆಸಲಿಲ್ಲ. “ಹಸದಾಂವಗ ಬೋರ್ಡ್ ಬೇಕಾಗೂದಿಲ್ಲ. ಹಸೀಲಾರದಾಂವ ಬೋರ್ಡ್ ಓದಿ ಬರೂದು ನಮಗ ಬೇಕಾಗಿಲ್ಲ,” ಅನ್ನುತ್ತಿದ್ದ. ಕಾಳಿ ಹೊಳೆಯ ದಂಡೆಗುಂಟ ರೆಸಾರ್ಟುಗಳೆದ್ದವು. ದೋಣಿ ಆಡಲು ಬಂದವರು ಅಲ್ಲೇ ಉಂಡು ಅಲ್ಲೇ ಮಲಗಿ ಹೋಗತೊಡಗಿದರು. ಆದರೂ ಮಿಲ್ಲಿನ ಮಂದಿ, ಬಿದಿರು ಲಾರಿಯ ಮಂದಿ, ಹಳಿಯಾಳ ಜೋಯಿಡಾ ಕಡೆಯಿಂದ ಕೋರ್ಟು ಕಚೇರಿ ಅಂತ ಬಂದವರು ಈ ಓಣಿಯನ್ನು ಬಿಟ್ಟಿರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಊಟ ಉಂಟು, ಕೇಳದಿದ್ದರೆ ಇಲ್ಲ. ಅದೇ ಬೋರ್ಡು.

ಜ್ಯೋತಿಬಾನಿಗೆ ಒಂದು ಸೊಕ್ಕಿತ್ತು. ಎಲ್ಲ ಕಡೆ ಊಟಕ್ಕೆ ಕೂತರೆ ಮೊದಲು ತಾಟಿನ ಅಂಚಿಗೆ ಉಪ್ಪು ಬೀಳುತ್ತದೆ, ಆಮೇಲೆ ಉಳಿದದ್ದು. ಅವನ ಖಾನಾವಳಿಯಲ್ಲಿ ಉಪ್ಪು ಬೀಳುತ್ತಿರಲಿಲ್ಲ. ಮೇಜಿನ ಮೇಲೆ ಉಪ್ಪಿನ ಬಟ್ಟಲೂ ಇರಲಿಲ್ಲ. ಅಡಿಗೆಯಲ್ಲಿ ಎಷ್ಟು ಬೇಕೋ ಅಷ್ಟು ಇದೆ, ಮತ್ತೇಕೆ? ಹೊಸಬರು ಯಾರಾದರೂ ಗೊತ್ತಿಲ್ಲದೆ ಉಪ್ಪು ಕೇಳಿದರೆ ಸೊಂಟಕ್ಕೆ ಕೈ ಇಟ್ಟು ನಿಂತು, “ಯಾಕಪಾ, ನಾಲಿಗಿ ಮನ್ಯಾಗ ಬಿಟ್ಟ್ ಬಂದೀಯೇನು?” ಎಂದು ಇಡೀ ಖಾನಾವಳಿಗೆ ಕೇಳುವಂತೆ ಅನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ಬೈಸಿಕೊಂಡವನೂ ಮರುದಿನ ಬರುತ್ತಿದ್ದ, ಮತ್ತು ಬೇರೆಯವರು ಬೈಸಿಕೊಳ್ಳುವುದನ್ನು ನೋಡಿ ನಗುವವರ ಸಾಲಿಗೆ ಸೇರುತ್ತಿದ್ದ.

ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ ಜ್ಯೋತಿಬಾ ಗಿರಣಿಯಿಂದ ಜೋಳದ ಹಿಟ್ಟು ತಂದು ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಯಾರೋ ಹೊರಗಿನಿಂದ ಕೂಗಿದಾಗ ಗೋದುಬಾಯಿಯ ಹಂಚಿನ ಮೇಲೆ ರೊಟ್ಟಿ ಇತ್ತು. ಅದನ್ನು ತಿರುವಿ ಹಾಕಿಯೇ ಅವಳು ಹೊರಗೆ ಹೋದಳು. ಆಮೇಲೆ ಬಹಳ ಸಲ ಅವಳಿಗೆ ನೆನಪಾದದ್ದು ಗಂಡನ ಮುಖವಲ್ಲ, ಆ ರೊಟ್ಟಿ. ಒಂದು ಮಗ್ಗುಲು ಬೆಂದಿತ್ತು, ಇನ್ನೊಂದು ಮಗ್ಗುಲು ಕರಿಕಾಯಿತು.

ಅಳು ಬರಲಿಲ್ಲ. ಖಾನಾಪುರದ ಕಡೆಯ ಬೀಗರು ನೆಂಟರು ಬಂದರು, ಬುತ್ತಿ ತಂದರು, ಅವಳ ಪರವಾಗಿ ತಾವೇ ಅತ್ತು, ದಿನಕಾರ್ಯ ಮುಗಿಸಿ ಹೋದರು. ಮಗಳು ಸುವರ್ಣಾ ಅಂಬಿಕಾನಗರದ ಕ್ವಾರ್ಟರ್ಸಿಗೆ ಕರೆದಳು. “ಬರ್ತೇನಿ ತಡಿ,” ಎಂದ ಗೋದುಬಾಯಿ ಮರುದಿನ ಬೆಳಿಗ್ಗೆ ಎದ್ದು ಒಲೆ ಹಚ್ಚಿದಳು. ಹಚ್ಚಬೇಕು ಎಂದೇನೂ ಅನ್ನಿಸಿರಲಿಲ್ಲ. ಕೈಗಳು ಎದ್ದವು, ಹಿಟ್ಟು ಕಲಸಿದವು, ಅವುಗಳ ಹಿಂದೆ ಅವಳೂ ಹೋದಳು. ಬ್ಯಾಳಿ, ಮಡಕಿಕಾಳಿನ ಪಲ್ಲೆ, ರೊಟ್ಟಿ, ಅನ್ನ. ಎಲ್ಲರದೂ ಆದ ಮೇಲೆ ತಾನೊಂದು ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿ ಬಾಯಿಗೆ ಹಾಕಿದರೆ ಮಣ್ಣು ತಿಂದಂತಾಗುತ್ತಿತ್ತು. ನಾಲಿಗೆಯೂ ಅವನ ಜೊತೆಗೇ ಹೋಯಿತು ಎಂದುಕೊಂಡಳು. ಹಿಂಡಿ, ಉಪ್ಪಿನಕಾಯಿ ಮುಟ್ಟುವುದನ್ನೇ ಬಿಟ್ಟಳು. ಸತ್ತ ನಾಲಿಗೆಗೆ ಅವುಗಳ ಸಿಂಗಾರ ಯಾಕೆ?

ಬರುವವರು ಕಡಿಮೆಯಾದರು. ಹೊಸಬರು ಒಂದು ಸಲ ಬಂದು ಉಂಡು, ಎರಡನೆಯ ಸಲ ಓಣಿಯ ಬಾಯಿಯಿಂದಲೇ ಆಚೆ ಹೋಗುತ್ತಿದ್ದರು. ಕೊನೆಗೆ ಉಳಿದವರೆಂದರೆ ಮಿಲ್ಲಿನಲ್ಲಿ ಗುತ್ತಿಗೆ ಕೆಲಸ ಮಾಡುವ ಬೈಲಹೊಂಗಲ ಕಡೆಯ ಲಗಮಪ್ಪ, ಹಿಂದೆ ಬಿದಿರು ಲಾರಿ ಓಡಿಸಿ ಈಗ ಪ್ರವಾಸಿಗರ ಜೀಪು ಓಡಿಸುವ ಯಲ್ಲಪ್ಪ, ಮತ್ತೆ ಇಂಥವೇ ಒಂದಷ್ಟು ಹಳೆಯ ತಲೆಗಳು. ಗಂಡನ ಮಾತಿಗೆ ಮಂದಿ ಬರುತ್ತಿದ್ದರು, ಅವನಿಲ್ಲ, ಮಂದಿ ಇಲ್ಲ ಎಂದು ಗೋದುಬಾಯಿ ತಿಳಿದಳು. ಅದರಿಂದ ದುಃಖವೇನೂ ಆಗಲಿಲ್ಲ. ಅಷ್ಟು ರೊಟ್ಟಿ ಕಡಿಮೆ ಬಡಿದಳು, ಅಷ್ಟೇ.

ಕಟ್ಟಡದ ಮಾಲಕ ಶಿವಯೋಗಿ ಒಳ್ಳೆಯ ಮನುಷ್ಯ. ಅವಸರ ಮಾಡಲಿಲ್ಲ. “ಗೋದುಬಾಯಾರ, ನೀವ್ ನಡಸ್ತೀರಂದ್ರ ನನ್ನದೇನೂ ತಕರಾರಿಲ್ಲ. ಬಿಡ್ತೀರಂದ್ರ ದೋಣಿ ಬುಕಿಂಗ್ ಆಫೀಸಿಗೆ ಒಬ್ಬರು ಕೇಳಾಕತ್ತಾರ. ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ,” ಎಂದಿದ್ದ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಮುಖವನ್ನು ನೋಡುತ್ತ ನಿಂತಳು. ಅವನೇ ನಾಚಿ ಹೊರಟುಹೋದ. ಹೋಳಿ ಬರುವುದರೊಳಗೆ ಖಾನಾವಳಿ ಮುಚ್ಚುತ್ತದೆ ಎಂಬ ಮಾತು ಓಣಿಯಲ್ಲಿ ಓಡಾಡತೊಡಗಿತು.

ಈ ಮಾತು ಯಲ್ಲಪ್ಪನ ಹೊಟ್ಟೆಗೆ ಬೆಂಕಿ ಹಾಕಿತು. ಅವನು ತನ್ನ ಜೀಪು ಹತ್ತಿದವರಿಗೆಲ್ಲ ಹೊಳೆ, ಕಾಡು, ಮೊಸಳೆ ತೋರಿಸುವ ನಡುವೆ ಈ ಖಾನಾವಳಿಯ ಸುದ್ದಿ ತುರುಕತೊಡಗಿದ. ಹತ್ತರಲ್ಲಿ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಂದು ರವಿವಾರ ಮಧ್ಯಾಹ್ನ, ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು, ಕುಸ್ತಿ ಗೆದ್ದವನಂತೆ ಎದೆ ಉಬ್ಬಿಸಿಕೊಂಡು ಒಳಗೆ ಬಂದ.

“ವೈನಿ, ಇವ್ರು ರೂಪಾಲಿ ಮೇಡಂ ಅಂತ. ಹುಬ್ಬಳ್ಳ್ಯಾಗ ಬ್ಯಾಂಕಿನ್ಯಾಗ ಅದಾರ. ನಿಮ್ಮ ಕೈ ಊಟ ಉಣ್ಣಾಕ ಬಂದಾರ.”

ರೂಪಾಲಿ ಚಪ್ಪಲಿ ಹೊರಗೆ ಬಿಟ್ಟು ಬಂದಳು. ಹಂಚಿನ ಮಾಡು, ಗೋಡೆಯ ಹೊಗೆ, ಜ್ಯೋತಿಬಾನ ಫೋಟೋ, ಒಲೆಯ ಮೇಲಿನ ಗೂಡಿನಲ್ಲಿದ್ದ ಚೀನಿ ಭರಣಿ ಎಲ್ಲವನ್ನೂ ನೋಡಿ, “ಕಾಕು, ಎಷ್ಟ್ ಛಂದ ಐತ್ರಿ ಜಾಗಾ!” ಎಂದಳು. “ನಮ್ದೊಂದು ಇಪ್ಪತ್ತ್ ಮಂದಿ ಗುಂಪ್ ಐತ್ರಿ. ಹೆಸರಾದ ಹೊಟೇಲಿಗೆ ನಾವ್ ಹೋಗೂದಿಲ್ಲ. ಇಂಥಾ ಸಣ್ಣ ಖಾನಾವಳಿ ಹುಡುಕ್ಯಾಡಿ ಹೋಗಿ ಉಣ್ತೇವಿ. ಅಷ್ಟ್ ದೊಡ್ಡ ಊರು ಹುಬ್ಬಳ್ಳಿ, ಒಂದೊಂದ ಮುಚ್ಚಾಕತ್ತಾವ್ರಿ. ಮುಚ್ಚಿದ ಮ್ಯಾಲೆ ಛೊಲೋ ಇತ್ತು ಛೊಲೋ ಇತ್ತು ಅಂತ ಹಳಹಳಸೂದಕ್ಕಿಂತ, ಇದ್ದಾಗ ಹೋಗಿ ಉಣ್ಣೂಣು ಅಂತ ಮಾಡ್ಕೊಂಡೇವಿ. ಇವತ್ತ್ ನಾ ನೋಡಿ ಹೋಗ್ತೇನಿ, ಬರೂ ರವಿವಾರ ಎಲ್ಲಾರೂ ಬರ್ತೇವಿ.”

“ಕುಂಡ್ರವಾ,” ಎಂದಳು ಗೋದುಬಾಯಿ. ಇಪ್ಪತ್ತು ಮಂದಿ ಎಂದರೆ ಹಿಟ್ಟೆಷ್ಟು, ಕಾಳೆಷ್ಟು ಎಂದು ಲೆಕ್ಕ ಹಾಕುತ್ತಿದ್ದ ಹಳೆಯ ಗೋದುಬಾಯಿ ಎಲ್ಲೋ ಒಳಗೆ ಒಂದು ಸಲ ಮಿಸುಕಾಡಿ ಮತ್ತೆ ಮಗ್ಗುಲಾದಳು. ತಾಟು ಇಟ್ಟಳು. ಬ್ಯಾಳಿ, ಪಲ್ಲೆ, ಬಿಸಿ ರೊಟ್ಟಿ ಬಡಿಸಿದಳು.

ಯಲ್ಲಪ್ಪ ರೂಪಾಲಿಯ ಪಕ್ಕದ ಬೆಂಚಿಗೆ ಕೂತ. ಗೋಡೆಯ ಕಡೆ ತಿರುಗಿದ, ಕಿಸೆಯಿಂದ ಒಂದು ಕಾಗದದ ಪೊಟ್ಟಣ ತೆಗೆದ, ಅದರಿಂದ ಚಿಟಿಕೆ ತೆಗೆದು ತನ್ನ ಬ್ಯಾಳಿಗೆ ಹಾಕಿ ಬೆರಳಿನಿಂದ ಕಲಸಿದ. ಇಷ್ಟೂ ದಿನ ಮಾಡಿದ್ದನ್ನೇ ಮಾಡಿದ. ಆಮೇಲೆ ತುತ್ತು ಎತ್ತುವ ಹೊತ್ತಿಗೆ ಅವನ ಕಣ್ಣು ರೂಪಾಲಿಯ ತಾಟಿನ ಮೇಲೆ ಬಿತ್ತು, ಕೈ ಅಲ್ಲೇ ನಿಂತಿತು. ಊರೆಲ್ಲ ಹೊಗಳಿ ಕರೆತಂದವನು, ಏನನ್ನು ಉಣ್ಣಿಸಲು ಕರೆತಂದಿದ್ದೇನೆ ಎಂಬುದನ್ನೇ ಮರೆತುಬಿಟ್ಟಿದ್ದ.

ರೂಪಾಲಿ ಫೋಟೋ ತೆಗೆಯಲು ಮೊಬೈಲು ಹುಡುಕುತ್ತಿದ್ದಳು. ಯಲ್ಲಪ್ಪ ಪೊಟ್ಟಣವನ್ನು ಅಂಗೈಯಲ್ಲಿ ಅಡಗಿಸಿಕೊಂಡು ಮೆಲ್ಲಗೆ ಬಾಗಿದ. ಅವಳ ಬ್ಯಾಳಿಯ ಬಟ್ಟಲಿಗೆ ಚಿಟಿಕೆ ಬಿಡುವಷ್ಟರಲ್ಲಿ ಅವಳು ತಿರುಗಿದಳು.

“ಏಯ್! ಏನ್ ಹಾಕಾಕತ್ತೀರಿ ನನ್ನ ತಾಟಿನ್ಯಾಗ?”

“ಏನಿಲ್ರಿ ಮೇಡಂ.”

“ಏನಿಲ್ಲ ಅಂದ್ರೇನು? ಕೈಯಾಗೇನೈತಿ, ತೋರಸ್ರಿ!”

“ಉಪ್ಪು ರೀ. ಬರೇ ಉಪ್ಪು. ಉಳವಿ ಚನ್ನಬಸಣ್ಣನ ಆಣಿ, ಬರೇ ಉಪ್ಪು,” ಎಂದ ಯಲ್ಲಪ್ಪ. ಆಚೆ ಮೇಜಿನಲ್ಲಿ ಲಗಮಪ್ಪ ತುತ್ತು ನುಂಗದೆ ಕೂತಿದ್ದ.

ರೂಪಾಲಿ ಅನುಮಾನದಿಂದ ಆ ಬಟ್ಟಲನ್ನು ಆಚೆ ಸರಿಸಿದಳು. ಗೋದುಬಾಯಿಯ ಕೈಯ ಸೌಟಿನಿಂದ ಬೇರೆ ಬ್ಯಾಳಿ ಹಾಕಿಸಿಕೊಂಡು ರೊಟ್ಟಿ ಅದ್ದಿ ಬಾಯಿಗಿಟ್ಟಳು. ಅಗಿದಳು. ಪಲ್ಲೆಯನ್ನೂ ನೋಡಿದಳು. “ಕಾಕು, ಉಪ್ಪ ಹಾಕಿಲ್ಲಲ್ರಿ,” ಎಂದಳು, ಸೆರಗು ನೆಲಕ್ಕೆ ತಾಗುತ್ತಿದೆ ಎಂದು ಹೇಳುವಷ್ಟು ಸಹಜವಾಗಿ. “ಪಲ್ಲೆದಾಗೂ ಇಲ್ಲ.”

ಗೋದುಬಾಯಿ ಸೌಟಿನಲ್ಲಿ ಉಳಿದಿದ್ದ ಬ್ಯಾಳಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ದಿನದ ಹಾಗೇ ಇತ್ತು. ಮಣ್ಣು.

“ನನಗ ದಿನಾ ಹಿಂಗ ಹತ್ತತೈತಿ,” ಎಂದಳು. ಸೌಟನ್ನು ಪಾತ್ರೆಗೆ ಇಟ್ಟು, “ನನ್ನ ನಾಲಿಗಿ ಸತ್ತೈತಿ ಅಂತ ತಿಳದಿದ್ದೆ,” ಎಂದಳು.

ಅವಳು ಕತ್ತೆತ್ತಿ ಗೂಡಿನಲ್ಲಿದ್ದ ಭರಣಿ ನೋಡಿದಳು. ಜ್ಯೋತಿಬಾ ಹೋದ ಮೇಲೆ ಅದನ್ನು ದಿನವೂ ಕಂಡಿದ್ದಳು, ಮುಟ್ಟಿರಲಿಲ್ಲ. ಮುಟ್ಟಬೇಕೆಂದು ಹೊಳೆದೇ ಇರಲಿಲ್ಲ.

ಖಾನಾವಳಿ ತೆಗೆದ ಹೊಸದರಲ್ಲಿ ಒಂದು ಫಜೀತಿಯಾಗಿತ್ತು. ಬ್ಯಾಳಿಗೆ ಇವಳೊಮ್ಮೆ ಉಪ್ಪು ಹಾಕಿದ್ದಳು, ಅದು ಗೊತ್ತಿಲ್ಲದೆ ಅವನೊಮ್ಮೆ ಹಾಕಿದ್ದ. ಮಿಲ್ಲಿನ ಮಂದಿ ಮೊದಲ ತುತ್ತಿಗೇ ಎದ್ದು ಮೋರಿಗೆ ಓಡಿದ್ದರು. ಅವತ್ತು ಜ್ಯೋತಿಬಾ, “ಒಂದ್ ಮನಿಗೆ ಎರಡ್ ಕೈ ಇರಲಿ, ಉಪ್ಪಿಗೆ ಮಾತ್ರ ಒಂದ ಕೈ ಇರಬೇಕು,” ಎಂದು ಭರಣಿಯನ್ನು ತನಗೆ ಮಾತ್ರ ಎಟುಕುವ ಗೂಡಿಗೆ ಏರಿಸಿಬಿಟ್ಟ. ಅಂದಿನಿಂದ ಅಡಿಗೆಯೆಲ್ಲ ಅವಳದು, ಉಪ್ಪು ಅವನದು. ಒಲೆಯಿಂದ ಇಳಿಸಿದ ಮೇಲೆ ಅವನು ಬಂದು ಹಾಕಿ, ಕಲಸಿ, ಅಂಗೈಯಲ್ಲಿ ರುಚಿ ನೋಡಿ ತಲೆ ಆಡಿಸುತ್ತಿದ್ದ. ಬಡಿಸುವ ಮೊದಲು ಅಡಿಗೆ ಮಾಡಿದವಳು ಬಾಯಿಗಿಡಬಾರದು ಎಂಬುದು ಅವಳ ತವರಿನ ಕಟ್ಟಳೆ, ಹಾಗಾಗಿ ಅದೂ ಅನುಕೂಲವೇ ಆಗಿತ್ತು. ಅವನು ಉಳವಿಯ ಜಾತ್ರೆಗೆ ಹೋದರೆ ಖಾನಾವಳಿಗೆ ಅಂದು ಬೀಗ. ವರ್ಷಗಳು ಹಾಗೇ ಕಳೆದು, ಅಡಿಗೆಗೆ ಉಪ್ಪು ಹಾಕುವುದೆಂಬ ಒಂದು ಕೆಲಸವಿದೆ ಎಂಬುದೇ ಅವಳ ಕೈಗಳಿಗೆ ಮರೆತುಹೋಗಿತ್ತು.

“ಯಾವಾಗಿಂದ?” ಎಂದು ಗೋದುಬಾಯಿ ಗಂಡಸರನ್ನು ಕೇಳಿದಳು.

“ಅಣ್ಣಾರು ಹೋದಾಗಿಂದ್ರಿ,” ಎಂದ ಲಗಮಪ್ಪ. ಸೊಂಟದಿಂದ ತಂಬಾಕಿನ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಸುಣ್ಣ ಇರಲಿಲ್ಲ. ಅವನ ಹಿಂದಿದ್ದವನೊಬ್ಬ ಕಿಸೆಯಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಕಳ್ಳರು ಪೊಲೀಸರ ಮುಂದೆ ಸಾಮಾನು ಇಡುವ ಹಾಗೆ ಇಟ್ಟರು.

ರೂಪಾಲಿಗೆ ಏನೋ ಅರ್ಥವಾಯಿತು, ಏನೋ ಆಗಲಿಲ್ಲ. ಅವಳು ಯಲ್ಲಪ್ಪನ ಪೊಟ್ಟಣ ಇಸಿದುಕೊಂಡು ಉಪ್ಪು ಉದುರಿಸಿಕೊಂಡು, ತಾಟಿನಲ್ಲಿ ಒಂದು ಅಗಳೂ ಬಿಡದೆ ಉಂಡಳು. ಕೈ ತೊಳೆದು ಬಂದು, “ಬರೂ ರವಿವಾರ ಬರ್ತೇವ್ರಿ ಕಾಕು,” ಎಂದಳು.

“ಬರಬ್ಯಾಡ್ರವಾ. ಖಾನಾವಳಿ ಇರೂದಿಲ್ಲ.”

ಯಲ್ಲಪ್ಪ ರೂಪಾಲಿಯನ್ನು ಜೀಪಿನಲ್ಲಿ ಕೂರಿಸಿ, ಒಂದು ನಿಮಿಷ ಎಂದು ಹೇಳಿ ಓಡಿ ಬಂದ. ಗೋದುಬಾಯಿ ತಾಟುಗಳನ್ನು ಎತ್ತುತ್ತಿದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ನಾಚಿಕೆ ಬಂದಿತ್ತು. ಅದೂ ದೂರದಿಂದ, ಬೇರೆ ಯಾರದೋ ಮನೆಯ ಕೆಟ್ಟ ಸುದ್ದಿಯಂತೆ ಬಂದಿತ್ತು.

“ನನ್ನ ಮ್ಯಾಲೆ ಕರುಣಾ ಮಾಡಿ ಉಂಡ್ರೇನು ಇಷ್ಟ್ ದಿನ?”

“ಹೇಳಬೇಕಂತ ದಿನಾ ಬರ್ತಿದ್ವಿ ವೈನಿ,” ಎಂದ ಲಗಮಪ್ಪ. “ನಿಮ್ಮ ಮುಖಾ ನೋಡಿ ಬಾಯಿ ಬರ್ತಿರಲಿಲ್ಲ. ಹೇಳಿದ್ರ ಒಲಿ ಆರಿಸಿ ಸುವರ್ಣಾನ ಕಡೆ ಹೋಗಿಬಿಡ್ತೀರಿ ಅಂತ. ಒಂದ್ ದಿವಸ ನೀವ್ ನೀರಿಗೆ ಹೋದಾಗ ಈ ಯಲ್ಲಪ್ಪ, ನಾನ ಒಳಗ ಹೋಗಿ ಹಾಕಿ ಬರ್ತೇನಿ ಅಂದ. ಹೊಸ್ತಿಲ ಮಟಾ ಹೋದ, ಹೊಳ್ಳಿ ಬಂದ.”

“ಯಾಕ?”

ಯಲ್ಲಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವಿದ. “ಅದು ಅಣ್ಣಾರ ಕೆಲಸ ಐತ್ರಿ,” ಎಂದ. “ನನ್ನ ಕೈ ಹೋಗಲಿಲ್ಲ.”

“ಸಪ್ಪನ ಕೂಳು ತಿನ್ನೂದಕ್ಕಿಂತ ಬ್ಯಾರೆ ಕಡೆ ಹೋಗಬೇಕಿತ್ತು ನೀವು.”

“ಎಲ್ಲಿ ಹೋಗೂಣ್ರಿ?” ಲಗಮಪ್ಪನಿಗೆ ಈಗ ಸ್ವಲ್ಪ ಸಿಟ್ಟೇ ಬಂತು. “ಊರು ಬಿಟ್ಟು ಈ ಊರಿಗೆ ಬಂದಾಗ ಮೊದಲನೇ ತುತ್ತು ಇಲ್ಲೇ ತಿಂದೀನಿ. ನನಗ ಜ್ವರ ಬಂದಾಗ ಅಣ್ಣಾರು ಗಂಜಿ ತಂದ್ ಕುಡಿಸ್ಯಾರ. ಉಪ್ಪು ಇಲ್ದಿದ್ರ ಕಿಸೇದಾಗ ತರಾಕ ಬರ್ತೈತಿ. ಖಾನಾವಳಿ ಇಲ್ದಿದ್ರ ಅದನ್ನ ಕಿಸೇದಾಗ ತರಾಕ ಬರ್ತೈತೇನು?”

ಎಲ್ಲರೂ ಹೋದ ಮೇಲೆ ಗೋದುಬಾಯಿ ಶಿವಯೋಗಿಗೆ ಫೋನು ಮಾಡಿ, “ನಾಳೆ ಮಧ್ಯಾಹ್ನ ಬರ್ರಿ, ಕೀಲಿಕೈ ಕೊಡ್ತೇನಿ,” ಎಂದಳು. ಕೊನೆಗೂ ಹೂಂ ಅಂದಹಾಗಾಯಿತು. ಹಗುರವೂ ಅನ್ನಿಸಲಿಲ್ಲ, ಭಾರವೂ ಅನ್ನಿಸಲಿಲ್ಲ.

ಹೊತ್ತು ಇಳಿಯುವ ಮೊದಲೇ ಪಾತ್ರೆ ಕಟ್ಟಲು ಕೂತಳು. ತಾಟುಗಳನ್ನು ತೊಳೆದು ಒರೆಸಿ ಗೋಣಿಚೀಲಕ್ಕೆ ಹಾಕಿದಳು. ಎಲ್ಲ ಆದ ಮೇಲೆ ಬೆಂಚು ಎಳೆದು, ಅದರ ಮೇಲೆ ಹತ್ತಿ, ಭರಣಿಯನ್ನು ಇಳಿಸಿದಳು. ಬಹಳ ಭಾರವಿತ್ತು. ಮುಚ್ಚಳ ತೆಗೆದಳು. ಹರಳುಪ್ಪು ಹೊಳೆಯ ತಂಪಿಗೆ ಗಟ್ಟಿಯಾಗಿ ಕಲ್ಲಾಗಿತ್ತು. ನಟ್ಟ ನಡುವೆ ಒಂದು ಕುಣಿ. ಜ್ಯೋತಿಬಾ ಯಾವಾಗಲೂ ಅಲ್ಲಿಂದಲೇ ಬಾಚುತ್ತಿದ್ದ. “ಸಮಾ ಮಾಡಿ ಇಡಬಾರದಾ, ಇಲಿ ಬಿಲಾ ತೋಡಿದಂಗ ಮಾಡ್ತೀರಿ,” ಎಂದು ಅವಳು ಎಷ್ಟು ಸಲ ಬೈದಿದ್ದಳೋ. ಅವನ ಕೈ ಹೇಗೆ ಬಿಟ್ಟಿತ್ತೋ ಕುಣಿ ಹಾಗೇ ಗಟ್ಟಿಯಾಗಿತ್ತು, ಒಂದು ಬದಿಗೆ ನಾಲ್ಕು ಬೆರಳಿನ ಗೀರುಗಳೂ ಇದ್ದವು.

ಅವಳು ಕೈ ಒಳಗಿಟ್ಟಳು. ಕುಣಿ ಅವಳ ಕೈಗೆ ದೊಡ್ಡದಾಯಿತು.

ಹಾಗೇ ಎಷ್ಟು ಹೊತ್ತು ಕೂತಳೋ. ಮಿಲ್ಲಿನ ಭೋಂಗಾ ಕೂಗಿ ನಿಂತಿತು. ಕೈ ಹೊರಗೆ ತೆಗೆದಾಗ ಬೆವರಿದ ಬೆರಳಿಗೆ ಉಪ್ಪಿನ ಹರಳು ಅಂಟಿದ್ದವು. ಬಾಯಿಗಿಟ್ಟುಕೊಂಡಳು. ಉಪ್ಪು ಉಪ್ಪಾಗಿತ್ತು. ನಾಲಿಗೆಯ ತುದಿಯಿಂದ ಕಿವಿಯ ಹಿಂದಿನವರೆಗೂ ಉಪ್ಪಾಗಿತ್ತು. ಅವಳಿಗೆ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

“ಎಷ್ಟ್ ಹಾಕಬೇಕಂತ ಹೇಳಿ ಹೋಗಬಾರದಿತ್ತೇನು?” ಎಂದು ಭರಣಿಗೆ ಕೇಳಿದಳು. “ಸೊಕ್ಕು ಮಾಡಿದ್ರಿ. ಒಬ್ಬರ ಕೈ, ಒಬ್ಬರ ಕೈ ಅಂತ. ಈಗ ನೋಡ್ರಿ.”

ಮರುದಿನ ಬೆಳಿಗ್ಗೆ ಎದ್ದಾಗ ಮೂಲೆಯಲ್ಲಿ ಮಡಕಿಕಾಳು ಬಟ್ಟೆ ಹರಿಯುವಷ್ಟು ಮೊಳಕೆ ಬಿಟ್ಟಿತ್ತು. ಹಿಂದಿನ ದಿನ ಕಟ್ಟಿಟ್ಟಿದ್ದನ್ನು ಅವಳು ಮರೆತೇಬಿಟ್ಟಿದ್ದಳು. ಮೊಳಕೆ ಕಾಯುವುದಿಲ್ಲ, ಇವತ್ತು ಬೇಯಿಸದಿದ್ದರೆ ನಾಳೆ ಹಳಸು ನಾರುತ್ತದೆ. ಅದಲ್ಲದೆ, ಇಷ್ಟು ವರ್ಷ ನಡೆದ ಖಾನಾವಳಿ ಉಪ್ಪಿಲ್ಲದ ಊಟ ಹಾಕಿ ಮುಚ್ಚಿತು ಎಂದು ಓಣಿಯ ಮಂದಿ ಆಡಿಕೊಂಡರೆ ಸತ್ತವನ ಮರ್ಯಾದೆ ಏನಾಗಬೇಕು? ಒಂದು ಊಟ ಸರಿಯಾಗಿ ಹಾಕಿ ಕೀಲಿಕೈ ಕೊಟ್ಟರಾಯಿತು. ಗೋಣಿಚೀಲದಿಂದ ಪಾತ್ರೆಗಳು ಮತ್ತೆ ಹೊರಬಂದವು.

ಒಲೆಯಿಂದ ಬ್ಯಾಳಿ ಇಳಿಸಿದಳು. ಭರಣಿಯ ಅಂಚಿನಿಂದ, ಕುಣಿಗೆ ಧಕ್ಕೆಯಾಗದ ಹಾಗೆ, ಕಬ್ಬಿಣದ ಸೌಟಿನ ಹಿಡಿಯಿಂದ ಕುಟ್ಟಿ ಒಂದಿಷ್ಟು ಉಪ್ಪು ಎಬ್ಬಿಸಿದಳು. ಹಾಕಿದಳು, ಕಲಸಿದಳು. ತವರಿನ ಕಟ್ಟಳೆಯನ್ನು ಬದಿಗಿಟ್ಟು ಅಂಗೈಗೆ ಬಿಟ್ಟುಕೊಂಡು ನೋಡಿದಳು. ಸಾಲದು. ಇನ್ನಷ್ಟು ಹಾಕಿದಳು. ಇನ್ನೂ ಚೂರು. ಕೊನೆಗೆ ಬ್ಯಾಳಿ ಬ್ಯಾಳಿಯಾಯಿತು. ಬೆಳ್ಳುಳ್ಳಿ ಎಲ್ಲಿತ್ತೋ ಬಂತು, ಹುಣಸೆಯ ಹುಳಿ ಬಂತು, ಒಗ್ಗರಣೆಯ ಮೆಣಸಿನಕಾಯಿ ಬಂತು. ಎಲ್ಲ ಒಳಗೇ ಇದ್ದವು. ಅವಳು ಒಲೆಯ ಮುಂದೆ ನಿಂತುಕೊಂಡೇ ಇನ್ನೊಂದು ಸೌಟು ಕುಡಿದಳು, ಕದ್ದು ಬೆಣ್ಣೆ ತಿಂದವರ ಹಾಗೆ.

ಆಮೇಲೆ ರೊಟ್ಟಿ ಬಡಿಯಲು ಕೂತಳು. ಸದ್ದು ಓಣಿಗೆ ಹೋಯಿತು.

ಮೊದಲು ಬಂದವನು ಯಲ್ಲಪ್ಪ. ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಅವಳ ಮುಖ ನೋಡಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಬಂದು ಕೂತ. ಲಗಮಪ್ಪ ಪಾಳಿ ಮುಗಿಸಿ ಬಂದ. ಹಿಂದೆಯೇ ಇನ್ನೂ ಇಬ್ಬರು ಬಂದರು. ನಿನ್ನೆಯ ಮಾತು ಯಾರೂ ಎತ್ತಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಶಿವಯೋಗಿಯೂ ಬಂದ. ಒಲೆ ಉರಿಯುವುದನ್ನು ನೋಡಿ ಗೊಂದಲಗೊಂಡು, “ಕೀಲಿಕೈ...” ಎಂದ.

“ಕುಂಡ್ರಿ, ಮೊದಲು ಊಟಾ ಮಾಡ್ರಿ,” ಎಂದಳು ಗೋದುಬಾಯಿ.

ಬಡಿಸಿ ಮತ್ತೆ ಒಲೆಯ ಹತ್ತಿರ ಹೋದಳು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ ಹಿಂದೆ ನೋಡಿದರೆ, ಗಂಡಸರೆಲ್ಲ ಗೋಡೆಯ ಕಡೆ ತಿರುಗಿದ್ದರು. ನಿನ್ನೆ ಸಿಕ್ಕಿಬಿದ್ದವರು ಇವತ್ತು ಇನ್ನೂ ಹುಷಾರಾಗಿದ್ದರು. ಯಲ್ಲಪ್ಪನ ಮೊಣಕೈ ಆಡಿತು. ಲಗಮಪ್ಪನ ಸುಣ್ಣದ ಡಬ್ಬಿಯ ಮುಚ್ಚಳ ಟಕ್ ಎಂದಿತು. ಬ್ಯಾಡ್ರಿ, ಹಾಕಬ್ಯಾಡ್ರಿ ಎಂದು ಅವಳ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಎಲ್ಲರೂ ಕಲಸಿ ಬಾಯಿಗಿಟ್ಟಿದ್ದರು.

ಯಲ್ಲಪ್ಪನ ದವಡೆ ನಿಂತಿತು. ಲಗಮಪ್ಪನ ಕಣ್ಣು ಅಗಲವಾದವು, ಅವುಗಳಲ್ಲಿ ನೀರು ತುಂಬಿತು. ಆಚೆ ಇದ್ದವನು ಕೆಮ್ಮಲು ಹೋಗಿ, ಕೆಮ್ಮನ್ನು ನುಂಗಿಕೊಂಡ. ಮೋರಿ ಅಲ್ಲೇ ಬಾಗಿಲ ಪಕ್ಕದಲ್ಲಿತ್ತು. ಯಾರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಲಗಮಪ್ಪ ಇನ್ನೊಂದು ತುತ್ತು ಮುರಿದು, ಅದೇ ಬ್ಯಾಳಿಯಲ್ಲಿ ಅದ್ದಿ, ಬಾಯಿಗಿಟ್ಟು, ನಿಧಾನವಾಗಿ ಅಗಿಯತೊಡಗಿದ.

ಕಿಸೆಯಲ್ಲಿ ಏನೂ ಇಲ್ಲದ ಶಿವಯೋಗಿ ಮಾತ್ರ ಚಪ್ಪರಿಸಿಕೊಂಡು ಉಣ್ಣುತ್ತಿದ್ದ. “ಗೋದುಬಾಯಾರ, ಏನ್ ಬ್ಯಾಳಿ ರೀ ಇದು! ಉಪ್ಪು ಹುಳಿ ಖಾರ ಎಲ್ಲಾ ಸಮಾಸಮಾ,” ಎಂದ.

ನಾಲ್ವರ ಕೈಗಳೂ ತಾಟಿನ ಮೇಲೆ ನಿಂತವು.

ಗೋದುಬಾಯಿ ಸೌಟು ಹಿಡಿದು ಲಗಮಪ್ಪನ ಹತ್ತಿರ ಬಂದಳು. “ಹೆಂಗೈತಿ?” ಎಂದಳು.

ಲಗಮಪ್ಪ ತುತ್ತು ನುಂಗಿದ. ಅದು ಗಂಟಲಲ್ಲಿ ಇಳಿಯುವುದು ಕಂಡಿತು. “ಛೊಲೋ ಐತ್ರಿ ವೈನಿ,” ಎಂದ. “ಅಣ್ಣಾರು ಹಾಕಿದಂಗ ಐತಿ.” ಅವನ ಕಣ್ಣಿನ ನೀರು ಗಲ್ಲಕ್ಕಿಳಿದು ಮೀಸೆಗೆ ಬಂದಿತ್ತು. ಒರೆಸಿಕೊಳ್ಳಲಿಲ್ಲ.

ಬಂದದ್ದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ಭುಜಗಳು ಅಲುಗಿದವು. ಗಂಡಸರು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು.

ಶಿವಯೋಗಿ ಕೈ ತೊಳೆದು ಬಂದು, ಶಲ್ಯದಿಂದ ಒರೆಸಿಕೊಳ್ಳುತ್ತ, “ಮತ್ತ ಕೀಲಿಕೈ?” ಎಂದು ಕೇಳಿದ.

ಗೋದುಬಾಯಿ ಮೂಗು ಒರೆಸಿಕೊಂಡು ಮಾಡಿನ ಕಡೆ ಕೈ ತೋರಿಸಿದಳು. “ಆ ಮೂಲ್ಯಾಗ ಸೋರತೈತ್ರಿ,” ಎಂದಳು. “ಮಳಿಗಾಲ ಬರೂದರೊಳಗ ಹಂಚು ತಿರುವಿ ಹಾಕಸ್ರಿ.”

ಅವನು ಅವಳನ್ನು ನೋಡಿದ, ಮಾಡನ್ನು ನೋಡಿದ, “ಆತ್ರಿ,” ಎಂದು ಚಪ್ಪಲಿ ಮೆಟ್ಟಿಕೊಂಡ.

ಅವಳು ನೀರಿನ ತಂಬಿಗೆ ತಂದು ಲಗಮಪ್ಪನ ಲೋಟ ತುಂಬಿದಳು. ಅವನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಮುಂದಕ್ಕೆ ಹಿಡಿದ. ಮತ್ತೆ ತುಂಬಿದಳು. ಯಲ್ಲಪ್ಪನೂ ಹಿಡಿದ, ಉಳಿದಿಬ್ಬರೂ ಹಿಡಿದರು. ತಂಬಿಗೆ ಬರಿದಾಯಿತು. ಅವಳು ಕೊಡದ ಹತ್ತಿರ ಹೋಗಿ ಅದನ್ನು ಮತ್ತೆ ಮುಳುಗಿಸಿದಳು.